ಹಳ್ಳಿಗಳನ್ನು ಸೀಳಿ ಓಡುವ ನಮ್ಮ ಅವಸರ

ಹೆದ್ದಾರಿ ಬದಿಯ ಹಳ್ಳಿಯೊಂದರಲ್ಲಿ ಅಪಘಾತ ಸಂಭವಿಸಿದ ನಂತರ ಏನೇನು ನಡೆಯುತ್ತದೆಂಬುದು ಈಗ ಎಲ್ಲರಿಗೂ ಬಾಯಿಪಾಠವಾಗಿದೆ. ಶಾಲೆಗೆ ಹೊರಟ ಮಗುವೋ, ಡೈರಿಗೆ ಹಾಲು ಹಾಕಿ ಮರಳುತ್ತಿದ್ದ ವೃದ್ಧೆಯೋ ವಾಹನದಡಿಗೆ ಸಿಲುಕುತ್ತಾರೆ. ಆಕ್ರೋಶಗೊಂಡ ಗ್ರಾಮಸ್ಥರು ರಸ್ತೆ ತಡೆ ನಡೆಸುತ್ತಾರೆ. ತಹಶೀಲ್ದಾರರು ಮತ್ತು ಪೊಲೀಸ್ ಅಧಿಕಾರಿಗಳು ಧಾವಿಸಿ ಬಂದು ಭರವಸೆ ನೀಡುತ್ತಾರೆ. ಶಾಸಕರು ಪರಿಹಾರ ಘೋಷಿಸುತ್ತಾರೆ. ಎರಡು ದಿನಗಳ ಬಳಿಕ ಅಲ್ಲಿ ಒಂದು ಜೊತೆ ಬ್ಯಾರಿಕೇಡುಗಳು ಕಾಣಿಸಿಕೊಳ್ಳುತ್ತವೆ, ಇಲ್ಲವೇ ಗ್ರಾಮಸ್ಥರೇ ಮಣ್ಣು-ಜಲ್ಲಿ ಸುರಿದು ಉಬ್ಬೊಂದನ್ನು ನಿರ್ಮಿಸುತ್ತಾರೆ. ಮಳೆಗಾಲಕ್ಕೆ ಉಬ್ಬು ಕರಗುತ್ತದೆ. ಬ್ಯಾರಿಕೇಡುಗಳನ್ನು ಬೇರೊಂದು ಊರಿನವರ ರಸ್ತೆ ತಡೆಯನ್ನು ಸಮಾಧಾನಪಡಿಸಲು ಕೊಂಡೊಯ್ಯಲಾಗುತ್ತದೆ. ಮತ್ತೊಂದು ಸಾವಿನ ತನಕ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ.

ಈ ಪತ್ರಿಕೆಯನ್ನು ಓದುವ ಹೆಚ್ಚಿನ ಕುಟುಂಬಗಳು ಪಟ್ಟಣವಾಸಿಗಳು. ಹಳ್ಳಿಯ ರಸ್ತೆ ಸುರಕ್ಷತೆಗೂ ನಮಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಆ ಹಳ್ಳಿಗಳ ನಡುವೆ ಹಾದುಹೋಗುವವರು ಯಾರು? ಸಂಬಂಧಿಕರ ವಿವಾಹಕ್ಕೆ ಹೊರಟ ಕಾರುಗಳ ಸಾಲು ನಮ್ಮದು. ಸಂತೆಯಿಂದ ಸಂತೆಗೆ ಸರಕು ಸಾಗಿಸುವ ಗೂಡ್ಸ್ ಟೆಂಪೊ ನಮ್ಮದು. ಹಬ್ಬದ ಸಂಜೆ ಮೂವರನ್ನು ಕೂರಿಸಿಕೊಂಡು ಬೈಕ್ ಓಡಿಸುವ ಹುಡುಗ ನಮ್ಮ ಮನೆಯವನೇ. ಹಳ್ಳಿಯವರ ಪಾಲಿಗೆ ಆ ರಸ್ತೆ ಅಂಗಳದ ಮುಂದುವರಿಕೆ. ನಮಗೆ ಮಾತ್ರ ಅದು ಆದಷ್ಟು ಬೇಗ ಮುಗಿಯಬೇಕಾದ ದೂರ. ವೇಗದ ಲಾಭ ನಮಗೆ, ಅದರ ಅಪಾಯ ಅವರಿಗೆ ಎಂಬ ಹಂಚಿಕೆ ಯಾವ ನ್ಯಾಯದ ಪ್ರಕಾರವೂ ಸರಿಯಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಕರ್ನಾಟಕದಲ್ಲೇ 11,702 ಮಂದಿ. ದೇಶದ ಒಟ್ಟು ಸಾವುಗಳಲ್ಲಿ ಸುಮಾರು 68 ಶೇಕಡಾ ಸಂಭವಿಸಿರುವುದು ಗ್ರಾಮೀಣ ಪ್ರದೇಶಗಳಲ್ಲಿ. ವಾಹನ ದಟ್ಟಣೆಯಿರುವ ನಗರಗಳಲ್ಲೇ ಹೆಚ್ಚು ಮಂದಿ ಸಾಯುತ್ತಾರೆಂಬ ನಮ್ಮ ಗ್ರಹಿಕೆ ತಪ್ಪು. ದಟ್ಟಣೆಯೇ ನಗರದಲ್ಲಿ ವೇಗವನ್ನು ಕಟ್ಟಿಹಾಕುತ್ತದೆ. ಮಡಿದವರ ಪೈಕಿ 32,825 ಮಂದಿ ಪಾದಚಾರಿಗಳು. ಅವರ ಬಳಿ ಓಡಿಸಲು ವಾಹನವೇ ಇರಲಿಲ್ಲ.

ಸಾವು ವಿಧಿಲಿಖಿತವೆಂಬುದು ನಮ್ಮ ವಿಶ್ವಾಸ. ಆದರೆ ಒಂದೇ ತಿರುವಿನಲ್ಲಿ ಮತ್ತೆ ಮತ್ತೆ ಜೀವಗಳು ಹೋಗುತ್ತಿವೆಯೆಂದಾದರೆ, ವಿಧಿಯ ಕುರಿತು ಮಾತನಾಡುವ ಮೊದಲು ಎಂಜಿನಿಯರನ್ನು ಕರೆಸಬೇಕಾಗುತ್ತದೆ.

ವೇಗದ ಲೆಕ್ಕ ಬಹಳ ಸರಳವಾಗಿದೆ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ 22 ಮೀಟರ್ ಮುಂದೆ ಸಾಗುತ್ತದೆ. ಅಡ್ಡ ಬಂದ ಮಗುವನ್ನು ಕಂಡು ಚಾಲಕನ ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲೇ ಆ ಸೆಕೆಂಡು ಕಳೆದಿರುತ್ತದೆ. ಒಣಗಿದ ಉತ್ತಮ ರಸ್ತೆಯಲ್ಲೂ ಅದು ಪೂರ್ತಿ ನಿಲ್ಲಲು ಸುಮಾರು 60 ಮೀಟರ್ ಬೇಕು. 40 ಕಿಲೋಮೀಟರ್ ವೇಗದಲ್ಲಿ ಸುಮಾರು 20 ಮೀಟರ್ ಸಾಕು. 30 ಕಿಲೋಮೀಟರ್ ವೇಗದ ಕಾರು ಢಿಕ್ಕಿ ಹೊಡೆದ ಪಾದಚಾರಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಬದುಕುಳಿಯುತ್ತಾರೆ, 45 ಕಿಲೋಮೀಟರ್ ದಾಟಿದರೆ ಅರ್ಧದಷ್ಟು ಮಂದಿಯೂ ಉಳಿಯುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2004ರ ತನ್ನ ವರದಿಯಲ್ಲಿ ಹೇಳಿದೆ.

ಇನ್ನು ನಾವು ಉಳಿಸುವ ಸಮಯವೆಷ್ಟು? ಹಳ್ಳಿಯ ಮನೆ-ಅಂಗಡಿಗಳು ರಸ್ತೆಗುಂಟ ಒಂದು ಕಿಲೋಮೀಟರ್ ಉದ್ದಕ್ಕಿವೆಯೆಂದಿಟ್ಟುಕೊಳ್ಳೋಣ. 80ರ ವೇಗದಲ್ಲಿ ಅದನ್ನು ದಾಟಲು 45 ಸೆಕೆಂಡು. 40ರ ವೇಗದಲ್ಲಿ 90 ಸೆಕೆಂಡು. ವ್ಯತ್ಯಾಸ ಕೇವಲ 45 ಸೆಕೆಂಡು. ದಾರಿಯಲ್ಲಿ ಇಂತಹ ಹತ್ತು ಹಳ್ಳಿಗಳಿದ್ದರೂ ನಾವು ಕಳೆದುಕೊಳ್ಳುವುದು ಏಳೂವರೆ ನಿಮಿಷ. ವಿವಾಹ ಮಂಟಪದಲ್ಲಿ ಊಟದ ಸರದಿಗಾಗಿ ಇದಕ್ಕಿಂತ ಹೆಚ್ಚು ಹೊತ್ತು ಕಾಯುವವರು ನಾವು.

ಚಾಲಕರು ಒಳ್ಳೆಯವರಾಗಬೇಕೆಂಬ ಉಪದೇಶದಿಂದಷ್ಟೇ ಇದು ಬಗೆಹರಿಯದು. ಚಾಲಕನು ಫಲಕ ನೋಡಿ ವಾಹನ ಓಡಿಸುವುದಿಲ್ಲ, ರಸ್ತೆ ನೋಡಿ ಓಡಿಸುತ್ತಾನೆ. ಅಗಲವಾದ, ನೇರವಾದ, ನುಣುಪಾದ ರಸ್ತೆ ಅವನಿಗೆ 'ಓಡು' ಎನ್ನುತ್ತದೆ. ಬದಿಯಲ್ಲಿ ತುಕ್ಕು ಹಿಡಿದು ವಾಲಿರುವ 'ನಿಧಾನವಾಗಿ ಚಲಿಸಿ' ಫಲಕದ ಮಾತನ್ನು ಆಗ ಕೇಳುವವರಾರು? 2000ನೇ ಇಸವಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ಆನಂತರ ನಮ್ಮ ರಾಜ್ಯದ 'ನಮ್ಮ ಗ್ರಾಮ ನಮ್ಮ ರಸ್ತೆ' ಮೊದಲಾದ ಯೋಜನೆಗಳು ಹಳ್ಳಿಗಳಿಗೆ ಸರ್ವಋತು ರಸ್ತೆಗಳನ್ನು ತಂದವು. ಗರ್ಭಿಣಿಯರು ಆಸ್ಪತ್ರೆ ತಲುಪುವಂತಾಯಿತು, ರೈತನ ತರಕಾರಿ ಕೊಳೆಯುವ ಮುನ್ನ ಮಾರುಕಟ್ಟೆ ಸೇರುವಂತಾಯಿತು. ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಹಿಂದೆ ಹೊಂಡಗುಂಡಿಗಳು ಮಾಡುತ್ತಿದ್ದ ಕೆಲಸವನ್ನು, ಅಂದರೆ ವಾಹನವನ್ನು ನಿಧಾನಗೊಳಿಸುವ ಕೆಲಸವನ್ನು, ಡಾಂಬರು ಬಿದ್ದ ಬಳಿಕ ಯಾರು ಮಾಡಬೇಕೆಂದು ಬಹುತೇಕ ಕಡೆ ಯಾರೂ ಯೋಚಿಸಲಿಲ್ಲ.

ಉತ್ತರ ಕರ್ನಾಟಕದ ಹಳೆಯ ಹಳ್ಳಿಗಳಿಗೆ ಅಗಸಿ ಇರುತ್ತಿತ್ತು. ಊರ ಬಾಗಿಲು ಬಂತೆಂದರೆ ಗಾಡಿ ತಾನಾಗಿಯೇ ನಿಧಾನವಾಗುತ್ತಿತ್ತು. ಇನ್ನು ಮುಂದಿರುವುದು ಜನರ ಜಾಗವೆಂಬುದು ಎತ್ತಿಗೂ ಗೊತ್ತಿತ್ತು. ಇಂದು ಯುರೋಪಿನ ಹಲವೆಡೆ ಎಂಜಿನಿಯರರು ಹಳ್ಳಿಗಳ ಪ್ರವೇಶದಲ್ಲಿ ಮಾಡುತ್ತಿರುವುದು ಇದನ್ನೇ. ಊರು ಆರಂಭವಾಗುವಲ್ಲಿ ರಸ್ತೆಯನ್ನು ಕಿರಿದುಗೊಳಿಸುತ್ತಾರೆ, ನಡುವೆ ಸಣ್ಣದೊಂದು ದ್ವೀಪ ನಿರ್ಮಿಸುತ್ತಾರೆ, ನೆಲದ ಬಣ್ಣವನ್ನೇ ಬದಲಿಸುತ್ತಾರೆ. ಊರೊಳಗೆ ಬಂದಿದ್ದೇನೆಂಬ ಅರಿವು ಚಾಲಕನಿಗೆ ಫಲಕ ಓದುವ ಮೊದಲೇ ಮೂಡುತ್ತದೆ.

ಅದೆಲ್ಲ ಶ್ರೀಮಂತ ದೇಶಗಳ ಮಾತೆಂದು ತಳ್ಳಿಹಾಕುವವರು ಘಾನಾ ದೇಶದ ಅನುಭವವನ್ನು ಗಮನಿಸಬೇಕು. ಅಕ್ರಾ ಮತ್ತು ಕುಮಾಸಿ ನಗರಗಳ ನಡುವಿನ ಹೆದ್ದಾರಿಯಲ್ಲಿ ಸುಹುಂ ಎಂಬಲ್ಲಿನ ಕೂಡುರಸ್ತೆ ಅಪಘಾತಗಳಿಗೆ ಕುಖ್ಯಾತವಾಗಿತ್ತು. 2000ನೇ ಇಸವಿಯ ಸುಮಾರಿಗೆ ಅಲ್ಲಿ ರಸ್ತೆಗಡ್ಡವಾಗಿ ತೆಳ್ಳನೆಯ ಪಟ್ಟಿಗಳನ್ನು ಹಾಕಲಾಯಿತು. ಅವುಗಳ ಮೇಲೆ ಹಾಯುವಾಗ ವಾಹನ ಗಡಗಡನೆ ಅದುರುತ್ತದೆ, ಚಾಲಕ ಎಚ್ಚೆತ್ತುಕೊಳ್ಳುತ್ತಾನೆ. ಅಷ್ಟರಿಂದಲೇ ಅಪಘಾತಗಳು ಸುಮಾರು 35 ಶೇಕಡಾ, ಸಾವುಗಳು ಸುಮಾರು 55 ಶೇಕಡಾ ಇಳಿದವು. ಘಾನಾ ನಮಗಿಂತ ಸಿರಿವಂತ ದೇಶವೇನಲ್ಲ.

ನಮ್ಮಲ್ಲಿ ಪರಿಹಾರವೆಂದರೆ ರಸ್ತೆ ಉಬ್ಬು ಮಾತ್ರ. ಅದನ್ನೂ ಸರಿಯಾಗಿ ಹಾಕುವುದಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲೇ ಅದರ ಅಳತೆಯನ್ನು ನಿಗದಿಪಡಿಸಿತ್ತು. ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ಮೇಲ್ಮೈ ದುಂಡಗೆ. ಹಾಗಿದ್ದರೆ ವಾಹನ 25 ಕಿಲೋಮೀಟರ್ ವೇಗದಲ್ಲಿ ಕುಲುಕಾಟವಿಲ್ಲದೆ ದಾಟುತ್ತದೆ. ನಮ್ಮ ಊರುಗಳಲ್ಲಿರುವುದು ಒಂದು ಅಡಿ ಅಗಲದ, ಮೊಣಕಾಲುದ್ದದ ದಿಬ್ಬ. ಬಣ್ಣವಿಲ್ಲ, ಮುನ್ಸೂಚನೆಯ ಫಲಕವಿಲ್ಲ, ಬೀದಿ ದೀಪವಿಲ್ಲ. ರಾತ್ರಿ ವೇಳೆ ಅದರ ಮೇಲೆ ಹಾರಿ ಬಿದ್ದವರಲ್ಲಿ ಬೈಕಿನ ಹಿಂಬದಿಯಲ್ಲಿ ಒಂದೇ ಬದಿಗೆ ಕುಳಿತ ಮಹಿಳೆಯರೇ ಹೆಚ್ಚು. ಆಂಬುಲೆನ್ಸಿನಲ್ಲಿರುವ ರೋಗಿಯ ಪಾಡನ್ನಂತೂ ಹೇಳಬೇಕಿಲ್ಲ. ಮಕ್ಕಳನ್ನು ಕಳಕೊಂಡು ರೊಚ್ಚಿಗೆದ್ದವರು ಕಟ್ಟಿದ ಈ ದಿಬ್ಬಗಳನ್ನು ನೋಡಿ ಬೈಯುವುದು ಸುಲಭ. ಸರಕಾರ ಮಾಡಬೇಕಾದುದನ್ನು ಮಾಡಿದ್ದರೆ ಅವರು ಗುದ್ದಲಿ ಹಿಡಿಯುತ್ತಿರಲಿಲ್ಲ.

ರಾಷ್ಟ್ರೀಯ ಹೆದ್ದಾರಿಗಳ ಸಮಸ್ಯೆ ಇನ್ನೂ ಜಟಿಲ. ಅಲ್ಲಿ ಉಬ್ಬುಗಳನ್ನು ತೆಗೆಯಬೇಕೆಂದು ಕೇಂದ್ರ ಸಚಿವಾಲಯ 2016ರಲ್ಲಿ ಸೂಚಿಸಿತು. ಅದಕ್ಕೆ ಕಾರಣವೂ ಇದೆ. 80-100ರ ವೇಗದಲ್ಲಿ ಬರುವ ಲಾರಿಗೆ ಏಕಾಏಕಿ ಉಬ್ಬು ಎದುರಾಗುವುದು ಅಪಾಯಕರ. ಆದರೆ ಉಬ್ಬು ತೆಗೆದ ಜಾಗದಲ್ಲಿ ಸೇವಾ ರಸ್ತೆ, ಕೆಳಸೇತುವೆ, ಕಾಲ್ನಡಿಗೆಯವರಿಗೆ ನಡುವೆ ನಿಲ್ಲುವ ಜಾಗ ಇವಿಷ್ಟನ್ನಾದರೂ ಕೊಡಬೇಕಿತ್ತು. ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದ ಬಳಿಕ ಅನೇಕ ಊರುಗಳು ಎರಡು ಹೋಳಾದವು. ಮನೆ ಪೂರ್ವಕ್ಕೆ, ಮಸೀದಿ ಪಶ್ಚಿಮಕ್ಕೆ. ಶಾಲೆಗೆ ಮುಂಚೆ ಮದ್ರಸಕ್ಕೆ ಹೋಗುವ ಪುಟ್ಟ ಮಕ್ಕಳು ಮುಂಜಾನೆಯ ಮಬ್ಬಿನಲ್ಲಿ, ಮಳೆಗಾಲದಲ್ಲಿ ಕೊಡೆ ಹಿಡಿದು, ನಾಲ್ಕು ಪಥಗಳನ್ನು ದಾಟುತ್ತಾರೆ. ಅಧಿಕೃತ ದಾಟುವ ಜಾಗ ದೂರವಿದ್ದರೆ ನಡುವಿನ ವಿಭಜಕ ಹಾರುತ್ತಾರೆ. ಅದನ್ನು ಅವರ ನಿರ್ಲಕ್ಷ್ಯವೆನ್ನಲು ನಮಗೆ ಮನಸ್ಸು ಬಾರದು.

ಮನಸ್ಸು ಮಾಡಿದರೆ ವೇಗ ತಗ್ಗಿಸಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. 2023ರ ಮಾರ್ಚ್‌ನಲ್ಲಿ ಅದ್ದೂರಿಯಾಗಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿ ಆರಂಭದ ತಿಂಗಳುಗಳಲ್ಲಿ ಸಾವಿನ ದಾರಿಯಾಯಿತು. ಪತ್ರಿಕೆಗಳು ಬರೆದವು, ಟೀಕೆ ಹೆಚ್ಚಿತು. ಆ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥಗಳಲ್ಲಿ ಬೈಕ್, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು. ವೇಗಮಿತಿ ಮೀರಿದವರನ್ನು ಹಿಡಿಯಲು ಪೊಲೀಸರು ಕ್ಯಾಮೆರಾಗಳನ್ನು ಬಳಸಿದರು. ಸಾವುಗಳು ಗಣನೀಯವಾಗಿ ಇಳಿದವು. ಆದರೆ ಪ್ರತಿಷ್ಠೆಯ ರಸ್ತೆಗೆ ಸಿಕ್ಕ ಈ ಕಾಳಜಿ ರಾಜ್ಯ ಹೆದ್ದಾರಿಯ ಬದಿಯ ಅಜ್ಞಾತ ಹಳ್ಳಿಗೆ ಸಿಗುವುದಿಲ್ಲ. ಅಲ್ಲಿ ಸಾಯುವವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಒಂದು ಸಾವು ಒಳಪುಟದ ನಾಲ್ಕು ಸಾಲು.

ಕಾನೂನಿನ ಕೊರತೆ ಇದೆಯೇ ಎಂದರೆ ಅದೂ ಇಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 112ರ ಪ್ರಕಾರ ಸಾರ್ವಜನಿಕ ಸುರಕ್ಷತೆಗಾಗಿ ಯಾವುದೇ ರಸ್ತೆಯ ಭಾಗಕ್ಕೆ ಕಡಿಮೆ ವೇಗಮಿತಿಯನ್ನು ನಿಗದಿಪಡಿಸುವ ಅಧಿಕಾರ ರಾಜ್ಯ ಸರಕಾರಕ್ಕಿದೆ. 2019ರ ತಿದ್ದುಪಡಿಯ ಮೂಲಕ ಸೇರಿದ ಸೆಕ್ಷನ್ 198ಎ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯ ಲೋಪದಿಂದ ಸಾವು ಸಂಭವಿಸಿದರೆ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರ ಯಾರೇ ಇರಲಿ, ಒಂದು ಲಕ್ಷ ರೂಪಾಯಿಯ ತನಕ ದಂಡ. ಜೀವದ ಮುಂದೆ ಈ ಮೊತ್ತ ಏನೇನೂ ಅಲ್ಲ ಎಂಬುದು ಬೇರೆ ಮಾತು. ಅದಾದರೂ ಬಳಕೆಯಾಗಬೇಕಲ್ಲ? ಅಪಘಾತದ ವರದಿಗಳಲ್ಲಿ ಈ ಸೆಕ್ಷನ್ ಕಣ್ಣಿಗೆ ಬೀಳುವುದೇ ಅಪರೂಪ. 'ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ' ಎಂಬ ಒಂದು ಸಾಲಿನಲ್ಲಿ ಪ್ರಕರಣ ಚಾಲಕನ ಹೆಸರಿಗೆ ದಾಖಲಾಗುತ್ತದೆ. ರಸ್ತೆ ಎಂದೂ ಆರೋಪಿಯ ಸ್ಥಾನದಲ್ಲಿ ನಿಲ್ಲುವುದಿಲ್ಲ.

ಆದುದರಿಂದ ಮಾಡಬೇಕಾದ ಕೆಲಸ ಸ್ಪಷ್ಟವಿದೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಯಿದೆ. ಗ್ರಾಮ ಪಂಚಾಯಿತಿಯು ಗ್ರಾಮಸಭೆಯ ನಿರ್ಣಯದೊಂದಿಗೆ ಅದಕ್ಕೆ ಮನವಿ ಸಲ್ಲಿಸಬಹುದು. 'ಸೂಕ್ತ ಕ್ರಮ ಕೈಗೊಳ್ಳಬೇಕು' ಎಂದು ಬರೆದ ಮನವಿಗೆ ಸೂಕ್ತ ಕ್ರಮವೇ ಉತ್ತರವಾಗಿ ಬರುತ್ತದೆ, ಅಂದರೆ ಏನೂ ಬರುವುದಿಲ್ಲ. ಯಾವ ಅಂಗಡಿಯಿಂದ ಯಾವ ಶಾಲೆಯ ತನಕ ವೇಗಮಿತಿ ಬೇಕು, ಹಳ್ಳಿಯ ಒಳರಸ್ತೆ ಹೆದ್ದಾರಿಗೆ ಸೇರುವಲ್ಲಿ ಉಬ್ಬು ಎಲ್ಲಿರಬೇಕು, ಅದುರುಪಟ್ಟಿ ಎಲ್ಲಿಂದ ಆರಂಭವಾಗಬೇಕು, ದಾಟುವಲ್ಲಿ ದೀಪ ಎಷ್ಟು ಬೇಕೆಂದು ನಕ್ಷೆ ಸಮೇತ ಬರೆಯಬೇಕು. ಹಿಂದಿನ ವರ್ಷಗಳಲ್ಲಿ ಅಲ್ಲಿ ನಡೆದ ಅಪಘಾತಗಳ ದಿನಾಂಕಗಳನ್ನು ಲಗತ್ತಿಸಬೇಕು. ಇವುಗಳಲ್ಲಿ ಯಾವುದಕ್ಕೂ ಮೇಲ್ಸೇತುವೆಯ ಖರ್ಚು ಬೀಳುವುದಿಲ್ಲ.

ಆ ಮನವಿಗೆ ಪಟ್ಟಣದವರ ಸಹಿಯೂ ಇರಲಿ ಎಂಬುದು ನಮ್ಮ ವಿನಂತಿ. ಜಮಾಅತ್ ಕಮಿಟಿಗಳು, ವರ್ತಕರ ಸಂಘಗಳು, ಟೆಂಪೊ ಮಾಲಕರು ತಮ್ಮ ದಾರಿಯಲ್ಲಿರುವ ಹಳ್ಳಿಗಳ ಪರವಾಗಿ ಬರೆದರೆ ಅಧಿಕಾರಿಗಳಿಗೆ ಅದರ ತೂಕ ಬೇರೆಯೇ ಆಗುತ್ತದೆ. ವೇಗ ತಗ್ಗಿಸಿದರೆ ಪ್ರಯಾಣಿಕರು ಸಿಟ್ಟಾಗುತ್ತಾರೆಂಬುದೇ ಇಲಾಖೆಯ ಮಾಮೂಲಿ ನೆಪ. ಪ್ರಯಾಣಿಕರೇ ಬಂದು ತಗ್ಗಿಸಿ ಎಂದರೆ ಆ ನೆಪವೂ ಉಳಿಯುವುದಿಲ್ಲ. ದಾರಿಯ ಮೇಲಿನ ಮುಳ್ಳನ್ನು ಬದಿಗೆ ಸರಿಸುವುದನ್ನೂ ಪುಣ್ಯಕಾರ್ಯವೆಂದು ಕಲಿತು ಬೆಳೆದವರಿಗೆ ಇದು ಹೊಸ ಪಾಠವೇನಲ್ಲ.

ಇನ್ನು ಮನೆಯೊಳಗಿನ ಮಾತು. ಹದಿನೆಂಟು ತುಂಬದ ಮಗನಿಗೆ ಬೈಕಿನ ಕೀಲಿ ಕೊಡುವ ತಂದೆಗೆ 2019ರ ತಿದ್ದುಪಡಿಯ ಪ್ರಕಾರ ಮೂರು ವರ್ಷಗಳ ತನಕ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ. ವಿವಾಹದ ಮುನ್ನಾದಿನ ವಾಹನಗಳನ್ನು ಗೊತ್ತು ಮಾಡುವಾಗ ಚಾಲಕನಿಗೆ ಬಾಡಿಗೆ, ಊಟದ ವಿಚಾರ ಹೇಳುವ ಹಿರಿಯರು ಊರೊಳಗೆ 40ರ ಮೇಲೆ ಹೋಗಬೇಡ ಎಂಬ ಒಂದು ಮಾತನ್ನೂ ಸೇರಿಸಲಿ. ಹೊರಡುವ ಹೊತ್ತನ್ನು ಹತ್ತು ನಿಮಿಷ ಹಿಂದಕ್ಕೆ ಇಟ್ಟುಕೊಳ್ಳಲಿ.