ಕರೆಯದೆ ಬರುವ ಶ್ರುತಿ

ಸಾಲಗಾಮೆ ಹೋಬಳಿಯ ಓದುಗ ಬಂಧುಗಳೊಬ್ಬರು ಪತ್ರ ಬರೆದು ಒಂದು ಸಂದೇಹವನ್ನು ಮುಂದಿಟ್ಟಿದ್ದಾರೆ. ಅವರ ಮಗ ಹಾಸನದಲ್ಲಿ ಓದುತ್ತಿದ್ದಾಗ ಎಲೆಕ್ಟ್ರಿಕ್ ಗಿಟಾರ್ ನುಡಿಸುವುದನ್ನು ಕಲಿತನಂತೆ. ಸೋಮವಾರದ ಸಂಜೆ ಮನೆಯವರೆಲ್ಲ ಕುಳಿತು ವಚನಗಳನ್ನು ಹಾಡುವಾಗ ಹಾರ್ಮೋನಿಯಂ ಜೊತೆಗೆ ಅವನ ಗಿಟಾರೂ ಸೇರುತ್ತದೆ. ಆದರೆ ಆಂಪ್ಲಿಫೈಯರಿನ ಗುಂಡಿ ಒತ್ತಿದ ಕ್ಷಣದಿಂದ ‘ಗುಂಯ್’ ಎಂಬ ಸದ್ದು ಆರಂಭವಾಗಿ, ಹಾಡು ನಿಂತರೂ ನಿಲ್ಲುವುದಿಲ್ಲ. ಮೈಕ್‌ಸೆಟ್ಟಿನ ಕೆಲಸ ಬಲ್ಲ ಪರಿಚಿತರೊಬ್ಬರು ಬಂದು ನೋಡಿ, ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ದಪ್ಪಗಿರುವುದನ್ನು ಕಿತ್ತುಬಿಟ್ಟರೆ ಸದ್ದು ಹೋಗುತ್ತದೆ ಎಂದಿದ್ದಾರೆ. ಹಾಗೆ ಮಾಡಬಹುದೇ ಎಂಬುದು ಪತ್ರದ ಪ್ರಶ್ನೆ.

ಸರ್ವಥಾ ಕೂಡದು. ಆ ಸಲಹೆಯಿಂದ ಕೆಲವೊಮ್ಮೆ ಸದ್ದು ಕಡಿಮೆಯಾಗುವುದು ನಿಜ. ಆದುದರಿಂದಲೇ ಅದು ಊರೂರುಗಳಲ್ಲಿ ಬಾಳಿಕೊಂಡು ಬಂದಿದೆ. ಅದು ಏಕೆ ಕೂಡದು ಎಂಬುದನ್ನು ಮುಂದೆ ವಿವರಿಸುತ್ತೇನೆ. ಸದ್ದಿನ ಮೂಲವನ್ನು ಹುಡುಕುವ ಕ್ರಮವನ್ನು ಮೊದಲು ತಿಳಿಯೋಣ. ಗುಂಯ್‌ಗುಡುವಿಕೆ ಒಂದೇ ರೋಗವಲ್ಲ. ಅದು ಬೇರೆ ಬೇರೆ ಬಾಗಿಲುಗಳಿಂದ ಒಳಗೆ ಬರುತ್ತದೆ. ಯಾವ ಬಾಗಿಲು ಎಂದು ತಿಳಿಯುವ ಮುನ್ನ ಹಣ ವ್ಯಯಿಸುವುದು ವ್ಯರ್ಥ.

ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹಿಂದು ಮುಂದಾಗಿ ಹರಿಯುತ್ತದೆ. ಗಿಟಾರಿನಲ್ಲಿ ಕೇಳುವುದು ಈ 50ರ ಕಂಪನ, ಇಲ್ಲವೇ ಅದರ ದ್ವಿಗುಣವಾದ 100, ಮತ್ತು ಅವುಗಳ ಮರಿಗಳು. ಸಂಗೀತ ಬಲ್ಲವರಿಗೆ ಇದರಲ್ಲೊಂದು ಸ್ವಾರಸ್ಯವುಂಟು. ಹಾರ್ಮೋನಿಯಂನ ಬಿಳಿ ಒಂದನ್ನು ಷಡ್ಜವಾಗಿಟ್ಟುಕೊಂಡು ಹಾಡುವವರಿಗೆ ಮಂದ್ರದ ಪಂಚಮ ಸುಮಾರು 98 ಕಂಪನಗಳಲ್ಲಿ ನಿಲ್ಲುತ್ತದೆ. ವಿದ್ಯುತ್ತಿನ ಸದ್ದು 100ರಲ್ಲಿ ನಿಲ್ಲುತ್ತದೆ. ಅಂದರೆ ಪಂಚಮಕ್ಕಿಂತ ಕೂದಲೆಳೆಯಷ್ಟು ಮೇಲೆ, ಒಂದು ಮನೆಯ ಅಂತರದ ಮೂರನೇ ಒಂದು ಪಾಲು. ಪೂರ್ತಿ ಬೇರೆ ಸ್ವರವಾಗಿದ್ದರೆ ಕಿವಿ ಅದನ್ನು ಸಹಿಸಿಕೊಳ್ಳುತ್ತಿತ್ತೋ ಏನೋ. ಶ್ರುತಿಗೆ ಹತ್ತಿರವಿದ್ದೂ ಶ್ರುತಿಯಲ್ಲದ್ದು ಹಾಡುವವರನ್ನು ಎಳೆಯುತ್ತದೆ. ನಮ್ಮ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ತಂಬೂರಿಯ ಆಕಾರದಲ್ಲೇ ಮಂದಿರವೊಂದನ್ನು ಕಟ್ಟಿದ್ದಾರೆ; ಶ್ರುತಿಯ ವಿಷಯದಲ್ಲಿ ಈ ಸೀಮೆಯ ಕಿವಿ ಸೂಕ್ಷ್ಮವೆಂದು ಭಾವಿಸಲು ಅಷ್ಟು ಸಾಕು.

ಇನ್ನೊಂದು ಮಾತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ ಅದರ ಕಂಪನ ಸೆಕೆಂಡಿಗೆ 25 ಮಾತ್ರವಾಗಿತ್ತು. ಆ ವ್ಯವಸ್ಥೆಯೇ ಉಳಿದಿದ್ದರೆ ನಮ್ಮ ಗಿಟಾರಿನ ಗುಂಯ್ ಒಂದು ಸ್ಥಾಯಿ ಕೆಳಗೆ ಕೇಳುತ್ತಿತ್ತು!

ಎಲೆಕ್ಟ್ರಿಕ್ ಗಿಟಾರಿಗೆ ಈ ಸದ್ದು ಏಕೆ ಇಷ್ಟು ಸುಲಭವಾಗಿ ತಗಲುತ್ತದೆ? ತಂತಿಗಳ ಕೆಳಗಿರುವ ಪಿಕಪ್ ಎಂಬುದು ಅಯಸ್ಕಾಂತದ ಸುತ್ತ ಕೂದಲಿನಂತಹ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲಿನ ಉಕ್ಕಿನ ತಂತಿ ಮಿಡಿದಾಗ ಅಯಸ್ಕಾಂತದ ಕ್ಷೇತ್ರ ಅಲುಗಿ, ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಲವು ಸಾವಿರ ಪಟ್ಟು ಹಿಗ್ಗಿಸುತ್ತದೆ. 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮೊದಲು ಮಾರಾಟಕ್ಕೆ ಬಂದ ಎಲೆಕ್ಟ್ರಿಕ್ ಗಿಟಾರ್ ತೊಡೆಯ ಮೇಲಿಟ್ಟು ನುಡಿಸುವ ಹವಾಯಿಯನ್ ಮಾದರಿಯದು. ನಮ್ಮ ಹಿರಿಯರಲ್ಲಿ ಅನೇಕರು ಆಕಾಶವಾಣಿಯಲ್ಲಿ ಹವಾಯಿಯನ್ ಗಿಟಾರನ್ನು ಕೇಳಿಯೇ ಇದ್ದಾರೆ. ಆದರೆ ಸುರುಳಿಗೆ ವಿವೇಕವಿಲ್ಲ. ತಂತಿಯ ಮಿಡಿತವೂ ಅದಕ್ಕೆ ಒಂದೇ, ಪಕ್ಕದ ಟ್ರಾನ್ಸ್‌ಫಾರ್ಮರಿನ ಅಯಸ್ಕಾಂತ ಕ್ಷೇತ್ರವೂ ಒಂದೇ. ಹಾಸನದಿಂದ ಸಾಲಗಾಮೆಗೆ ಹೋಗುವ ರಸ್ತೆಯಲ್ಲೇ ಇರುವ, 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯನ್ನು ಕೇಳಿದರೂ ಈ ತತ್ತ್ವವನ್ನು ಹೇಳಿಯಾನು.

ಈಗ ಪರೀಕ್ಷೆ. ಆಂಪ್ಲಿಫೈಯರಿನ ಧ್ವನಿಯನ್ನು ತಗ್ಗಿಸಿ, ಗಿಟಾರಿನಿಂದ ಬಂದ ಕೇಬಲನ್ನು ಆಂಪ್ಲಿಫೈಯರಿನ ಕಡೆಯಿಂದಲೇ ತೆಗೆಯಿರಿ. ಗಿಟಾರಿನ ಕಡೆ ತೆಗೆದು ಕೇಬಲನ್ನು ಜೋತುಬಿಟ್ಟರೆ ಅದು ಆಂಟೆನಾದಂತೆ ವರ್ತಿಸಿ ಇನ್ನೂ ಹೆಚ್ಚು ಕೂಗುತ್ತದೆ, ಪರೀಕ್ಷೆಯೇ ದಾರಿ ತಪ್ಪುತ್ತದೆ. ಈಗ ಧ್ವನಿಯನ್ನು ಮೊದಲಿನಷ್ಟೇ ಏರಿಸಿ. ಸದ್ದು ಹಾಗೆಯೇ ಇದ್ದರೆ ದೋಷ ಆಂಪ್ಲಿಫೈಯರಿನಲ್ಲಿ ಅಥವಾ ಮನೆಯ ವಿದ್ಯುತ್ತಿನಲ್ಲಿದೆ. ಹಳೆಯ ಆಂಪ್ಲಿಫೈಯರುಗಳಲ್ಲಿ ವಿದ್ಯುತ್ತನ್ನು ಸಮಗೊಳಿಸುವ ದೊಡ್ಡ ಕೆಪಾಸಿಟರುಗಳು ಒಣಗಿ ಸೊರಗಿರುತ್ತವೆ. ಅದನ್ನು ರಿಪೇರಿಯವರಿಗೇ ಬಿಡಬೇಕು. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರುಗಳಲ್ಲಿ ವಿದ್ಯುತ್ತು ಕೂತಿರುತ್ತದೆ. ಮುಚ್ಚಳ ತೆಗೆದು ಕೈ ಹಾಕುವ ಸಾಹಸ ಬೇಡ.

ಸದ್ದು ನಿಂತರೆ ದೋಷ ಆಚೆಗಿದೆ. ಕೇಬಲನ್ನು ಮತ್ತೆ ಸಿಕ್ಕಿಸಿ, ಗಿಟಾರಿನ ಮೇಲಿನ ಧ್ವನಿಯ ಗುಂಡಿಯನ್ನು ಸೊನ್ನೆಗೆ ತನ್ನಿ. ಆಗಲೂ ಗುಂಯ್‌ಗುಟ್ಟಿದರೆ ಕೇಬಲಿನ ಹೊರಜಾಳಿಗೆ ಎಲ್ಲೋ ತುಂಡಾಗಿರಬೇಕು, ಜ್ಯಾಕಿನ ಬೆಸುಗೆ ಬಿಟ್ಟಿರಬೇಕು, ಅಥವಾ ನಡುವೆ ಇರುವ ಪೆಡಲುಗಳದ್ದು ದೋಷ. ಇನ್ನೊಂದು ಕೇಬಲ್ ಎರವಲು ತಂದು ನೇರವಾಗಿ ಸಿಕ್ಕಿಸಿ ನೋಡಿದರೆ ಅರ್ಧ ಸಂಶಯ ಪರಿಹಾರವಾಗುತ್ತದೆ. ಪೆಡಲಿಗೆ ಅಗ್ಗದ ಅಡಾಪ್ಟರ್ ಹಾಕಿದ್ದರೆ ಅದನ್ನು ಕಿತ್ತು 9 ವೋಲ್ಟಿನ ಬ್ಯಾಟರಿ ಹಾಕಿ ನೋಡಿ. ಎಷ್ಟೋ ಮನೆಗಳಲ್ಲಿ ಹುಡುಕಾಟ ಇಲ್ಲಿಗೇ ಮುಗಿಯುತ್ತದೆ.

ಗುಂಡಿಯನ್ನು ಸೊನ್ನೆಗೆ ತಂದಾಗ ಮೌನ, ಏರಿಸಿದಾಗ ಸದ್ದು, ಎಂದಾದರೆ ಅದು ಪಿಕಪ್ಪಿನ ಮೂಲಕವೇ ಬರುತ್ತಿದೆ. ಹುಡುಗ ಗಿಟಾರನ್ನು ಹಿಡಿದು ಕುರ್ಚಿಯ ಮೇಲೆ ಕುಳಿತಂತೆಯೇ ನಿಧಾನವಾಗಿ ಒಂದು ಸುತ್ತು ತಿರುಗಲಿ. ಒಂದು ದಿಕ್ಕಿನಲ್ಲಿ ಸದ್ದು ಬಹಳ ಕುಗ್ಗಿ, ಇನ್ನೊಂದರಲ್ಲಿ ಮೇಲೇಳುತ್ತದೆಯೇ? ಹಾಗಾದರೆ ಅದು ಅಯಸ್ಕಾಂತ ಕ್ಷೇತ್ರದಿಂದ ಬಂದದ್ದು. ಅದರ ಮೂಲ ಬಹುತೇಕ ಅದೇ ಕೋಣೆಯಲ್ಲಿರುತ್ತದೆ: ಆಂಪ್ಲಿಫೈಯರಿನದೇ ಟ್ರಾನ್ಸ್‌ಫಾರ್ಮರು, ಸ್ಟೆಬಿಲೈಸರ್, ಹಳೆಯ ಟ್ಯೂಬ್‌ಲೈಟಿನ ಚೋಕು, ಇನ್ವರ್ಟರ್. ಹಳ್ಳಿಗಳಲ್ಲಿ ಹೊಲದ ಪಂಪ್‌ಸೆಟ್ಟಿನ ಮೇಲೆ ಆರೋಪ ಹೊರಿಸುವುದು ವಾಡಿಕೆ. ಪಂಪ್‌ಸೆಟ್ಟು ಚಾಲೂ ಆದಾಗ ದೀಪ ಮಂಕಾಗಬಹುದು, ಆದರೆ ಅದರ ಅಯಸ್ಕಾಂತ ಕ್ಷೇತ್ರ ಒಂದು ಫರ್ಲಾಂಗು ದಾಟಿ ಪಡಸಾಲೆಯ ಗಿಟಾರನ್ನು ಮುಟ್ಟಲಾರದು. ಈ ಕ್ಷೇತ್ರ ದೂರಕ್ಕೆ ಹೋದಂತೆ ಅತಿ ಬೇಗ ಕ್ಷೀಣಿಸುತ್ತದೆ. ಆದುದರಿಂದ ಎರಡು ಮಾರು ದೂರ ಸರಿದು ಕುಳಿತುಕೊಳ್ಳುವುದೇ ಖರ್ಚಿಲ್ಲದ ಉತ್ತಮ ಚಿಕಿತ್ಸೆ.

ಕರೆಂಟು ಹೋದಾಗ ಮಾತ್ರ ಸದ್ದು ಕರ್ಕಶವಾಗುತ್ತದೆ ಎನ್ನುವವರು ಇನ್ವರ್ಟರಿನ ಜಾತಿಯನ್ನು ನೋಡಬೇಕು. ಕಡಿಮೆ ಬೆಲೆಯ ಸ್ಕ್ವೇರ್ ವೇವ್ ಇನ್ವರ್ಟರುಗಳು ವಿದ್ಯುತ್ತಿನ ದುಂಡನೆಯ ಅಲೆಯನ್ನು ಮೆಟ್ಟಿಲುಗಳಂತೆ ಕತ್ತರಿಸಿ ಕೊಡುತ್ತವೆ. ಆ ಚೂಪು ಅಂಚುಗಳೇ ‘ಜುಂಯ್’ ಎಂಬ ಗರಗಸದ ಸದ್ದಾಗಿ ಕೇಳುತ್ತವೆ. ಸೈನ್ ವೇವ್ ಇನ್ವರ್ಟರುಗಳಲ್ಲಿ ಈ ಕಾಟ ಬಹಳ ಕಡಿಮೆ.

ಪಿಕಪ್ಪುಗಳಲ್ಲಿಯೂ ಎರಡು ಬಗೆ. ಒಂದೇ ಸುರುಳಿಯದು ಗುಂಯ್‌ಗುಟ್ಟುವುದು ಅದರ ಹುಟ್ಟುಗುಣ. ಅಮೆರಿಕದ ಗಿಬ್ಸನ್ ಕಂಪನಿಯ ಸೇತ್ ಲವರ್ ಎಂಬ ಎಂಜಿನಿಯರ್ 1955ರಲ್ಲಿ ಇದಕ್ಕೆ ಸೊಗಸಾದ ಉಪಾಯವನ್ನು ರೂಪಿಸಿದರು. ಎರಡು ಸುರುಳಿಗಳನ್ನು ಅಕ್ಕಪಕ್ಕ ಇಟ್ಟು, ಒಂದರ ಸುತ್ತನ್ನೂ ಅಯಸ್ಕಾಂತದ ಮುಖವನ್ನೂ ತಿರುಗುಮುರುಗು ಮಾಡುವುದು. ಹೊರಗಿನಿಂದ ಬರುವ ಗುಂಯ್ ಎರಡರಲ್ಲೂ ವಿರುದ್ಧವಾಗಿ ಹುಟ್ಟಿ ಪರಸ್ಪರ ಅಳಿಯುತ್ತದೆ. ತಂತಿಯ ನಾದ ಮಾತ್ರ ಎರಡು ಬಾರಿ ತಿರುಗಿದ್ದರಿಂದ ಸರಿಹೋಗಿ ಕೂಡಿಕೊಳ್ಳುತ್ತದೆ. ಹಮ್‌ಬಕರ್ ಎಂದು ಅಂಗಡಿಗಳಲ್ಲಿ ಕೇಳಿದರೆ ಕೊಡುವುದು ಇದನ್ನೇ. ಮೂರು ಪಿಕಪ್ಪುಗಳ ಅನೇಕ ಗಿಟಾರುಗಳಲ್ಲಿ ನಡುವಿನದನ್ನು ತಿರುಗುಮುರುಗಾಗಿ ಸುತ್ತಿರುತ್ತಾರೆ. ಅಂಥ ಗಿಟಾರಿನಲ್ಲಿ ಸ್ವಿಚ್ಚನ್ನು ಎರಡು ಪಿಕಪ್ಪುಗಳ ನಡುವಿನ ಸ್ಥಾನಕ್ಕೆ ತಂದರೆ ಸದ್ದು ತಾನಾಗಿ ಅಡಗುತ್ತದೆ. ಹೊಸದನ್ನು ಕೊಳ್ಳುವ ಮುನ್ನ ಇದನ್ನು ನೋಡಿಕೊಳ್ಳುವುದು ಲೇಸು.

ಗಿಟಾರನ್ನು ಎತ್ತ ತಿರುಗಿಸಿದರೂ ಸದ್ದು ಬದಲಾಗದೆ, ತಂತಿಯ ಮೇಲೆ ಕೈಯಿಟ್ಟಾಗ ಮಾತ್ರ ತಗ್ಗಿದರೆ ಅದು ಬೇರೆ ಬಾಗಿಲು. ಗೋಡೆಯ ವೈರುಗಳು, ಎಲ್‌ಇಡಿ ದೀಪಗಳು, ಮೊಬೈಲ್ ಚಾರ್ಜರುಗಳು ಹೊರಸೂಸುವುದನ್ನು ನಮ್ಮ ಶರೀರವೇ ಹಿಡಿದು ಗಿಟಾರಿಗೆ ದಾಟಿಸುತ್ತದೆ. ತಂತಿಗಳನ್ನು ಒಳಗೆ ಅರ್ಥಿಂಗಿಗೆ ಜೋಡಿಸಿರುವುದರಿಂದ ಮುಟ್ಟಿದಾಗ ಶರೀರವೂ ಅದರೊಡನೆ ಸೇರಿ ಸದ್ದು ಇಳಿಯುತ್ತದೆ. ಗಿಟಾರಿನ ಒಡಲಿನ ಪೊಳ್ಳಿಗೆ ತಾಮ್ರದ ಹಾಳೆಯನ್ನು ಅಂಟಿಸಿ, ಆ ಹಾಳೆಯನ್ನು ಜ್ಯಾಕಿನ ಅರ್ಥ್ ತಂತಿಗೆ ಬೆಸೆಯುವುದು ಇದಕ್ಕೆ ಮದ್ದು. ಅಡಿಗೆಮನೆಯ ಅಲ್ಯುಮಿನಿಯಂ ಹಾಳೆಗೆ ಸಾಮಾನ್ಯ ಬೆಸುಗೆ ಹಿಡಿಯದು; ಬೆಸೆಯದೆ ಬಿಟ್ಟ ಹಾಳೆ ಅಲಂಕಾರ ಮಾತ್ರ. ತಾಮ್ರದ ಹಾಳೆಯೂ ಟ್ರಾನ್ಸ್‌ಫಾರ್ಮರಿನ ಗುಂಯ್ ಅನ್ನು ತಡೆಯದು ಎಂಬುದನ್ನು ಮರೆಯಬಾರದು.

ಉಳಿದದ್ದು ಅರ್ಥಿಂಗಿನ ಸುತ್ತು. ಗಿಟಾರಿನ ಆಂಪ್ಲಿಫೈಯರ್ ಒಂದು ಗೋಡೆಯ ಬೋರ್ಡಿನಲ್ಲಿ, ಹಾಡುವವರ ಮೈಕಿನ ಮಿಕ್ಸರ್ ಎದುರು ಗೋಡೆಯ ಬೋರ್ಡಿನಲ್ಲಿ ಇದ್ದು, ಎರಡರ ನಡುವೆ ಒಂದು ಕೇಬಲ್ ಓಡಿದರೆ, ಅರ್ಥ್ ತಂತಿಗಳಿಂದ ಒಂದು ದೊಡ್ಡ ಬಳೆ ಏರ್ಪಡುತ್ತದೆ. ಆ ಬಳೆಯಲ್ಲಿ ಸಣ್ಣ ವಿದ್ಯುತ್ತು ಸುತ್ತುತ್ತಾ ಗುಂಯ್‌ಗುಡುತ್ತದೆ. ದಪ್ಪ ಪಿನ್ನನ್ನು ಕಿತ್ತರೆ ಬಳೆ ಮುರಿದು ಸದ್ದು ನಿಲ್ಲುತ್ತದೆ. ಪರಿಚಿತರ ಸಲಹೆಯ ಒಳಗುಟ್ಟು ಇದೇ. ಆದರೆ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದರೂ ಬಳೆ ಕುಗ್ಗಿ ಸದ್ದು ಅಡಗುತ್ತದೆ. ಅದೂ ಸಾಲದಿದ್ದರೆ ಸಂಗೀತದ ಅಂಗಡಿಗಳಲ್ಲಿ ಡಿ.ಐ. ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆ ಸಿಗುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಮಾದರಿಯನ್ನೇ ಕೇಳಿ ಪಡೆಯಿರಿ. ಅದು ನಾದದ ಕೇಬಲಿನಲ್ಲಿ ಬಳೆಯನ್ನು ಮುರಿಯುತ್ತದೆ, ವಿದ್ಯುತ್ತಿನ ಪ್ಲಗ್ಗನ್ನು ಮುಟ್ಟುವುದಿಲ್ಲ.

ಆ ದಪ್ಪ ಪಿನ್ನು ಇತರ ಎರಡಕ್ಕಿಂತ ಉದ್ದವೂ ಆಗಿರುವುದನ್ನು ಗಮನಿಸಿದ್ದೀರಾ? ಮೊದಲು ಸೇರಲಿ, ಕೊನೆಗೆ ಬಿಡಲಿ ಎಂದೇ ಹಾಗೆ ಮಾಡಿದ್ದಾರೆ. ಆಂಪ್ಲಿಫೈಯರಿನೊಳಗೆ ನಿರೋಧಕ ಕೆಟ್ಟು 230 ವೋಲ್ಟು ಲೋಹದ ಪೆಟ್ಟಿಗೆಗೆ ತಗಲಿದರೆ ಅದು ನೆಲಕ್ಕಿಳಿದು ಫ್ಯೂಸು ಹಾರಲು ಇರುವ ದಾರಿ ಆ ಪಿನ್ನೊಂದೇ. ಅದಿಲ್ಲದಾಗ ವಿದ್ಯುತ್ತು ಕೇಬಲಿನ ಹೊರಜಾಳಿಗೆಯ ಮೂಲಕ ಗಿಟಾರಿನ ತಂತಿಗಳಿಗೇ ಬರುತ್ತದೆ. ಒಂದು ಕೈ ತಂತಿಯ ಮೇಲೆ, ಇನ್ನೊಂದು ಕೈ ಅರ್ಥಿಂಗಿರುವ ಮೈಕಿನ ಮೇಲೆ ಇದ್ದರೆ ನಡುವೆ ಇರುವುದು ಎದೆ. ಮೈಕಿನ ಕಡೆ ಅರ್ಥಿಂಗ್ ಕೆಟ್ಟಿದ್ದರೂ ಅಪಾಯ ಅಷ್ಟೇ. ಸ್ಕಾಟ್ಲೆಂಡಿನ ಗಿಟಾರ್ ವಾದಕ ಲೆಸ್ಲಿ ಹಾರ್ವೆ 1972ರ ಮೇ 3ರಂದು ವೇಲ್ಸಿನ ಸ್ವಾನ್‌ಸೀ ನಗರದ ವೇದಿಕೆಯಲ್ಲಿ ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ಅಸುನೀಗಿದರು. 1976ರಲ್ಲಿ ಇಂಗ್ಲೆಂಡಿನ ಗಾಯಕ ಕೀತ್ ರೆಲ್ಫ್ ತಮ್ಮ ಮನೆಯಲ್ಲೇ ಗಿಟಾರ್ ನುಡಿಸುತ್ತಿದ್ದಾಗ ಅದೇ ಬಗೆಯಲ್ಲಿ ತೀರಿಕೊಂಡರು. ತಂತಿ ಮುಟ್ಟಿದಾಗ ಬೆರಳಿಗೆ ಜುಮ್ಮೆಂದರೆ ‘ಸ್ವಲ್ಪ ಶಾಕು’ ಎಂದು ನಗುತ್ತಾ ಮುಂದುವರಿಸದೆ, ಸ್ವಿಚ್ಚು ಆರಿಸಿ ಅಂದಿನ ನುಡಿಸಾಣಿಕೆಯನ್ನು ಅಲ್ಲಿಗೇ ನಿಲ್ಲಿಸಬೇಕು.

ಪಿನ್ನಿದ್ದರೆ ಸಾಲದು, ಅದರ ಹಿಂದೆ ಅರ್ಥಿಂಗ್ ಇರಬೇಕು. ಹಳೆಯ ತೊಟ್ಟಿ ಮನೆಗಳಲ್ಲಿ ಮೂರು ತೂತಿನ ಬೋರ್ಡು ಹಾಕಿ, ಮೂರನೆಯದಕ್ಕೆ ತಂತಿಯನ್ನೇ ಕೊಡದಿರುವುದುಂಟು. ಇನ್ನೂ ಕೆಟ್ಟದ್ದು, ಅದನ್ನು ನ್ಯೂಟ್ರಲ್ಲಿಗೆ ಜೋಡಿಸಿಬಿಟ್ಟಿರುವುದು. ನ್ಯೂಟ್ರಲ್ ಎಲ್ಲಾದರೂ ತುಂಡಾದ ದಿನ ಮನೆಯ ಎಲ್ಲ ಲೋಹದ ಪೆಟ್ಟಿಗೆಗಳೂ ಫೇಸ್ ಆಗುತ್ತವೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಫೇಸ್ ಮತ್ತು ಅರ್ಥ್ ನಡುವೆ, ಹಾಗೂ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ವೋಲ್ಟೇಜ್ ಅಳೆಯಿಸಿ. ಮೊದಲನೆಯದು ಫೇಸ್ ಮತ್ತು ನ್ಯೂಟ್ರಲ್ ನಡುವಿನಷ್ಟೇ ಇರಬೇಕು, ಎರಡನೆಯದು ಕೆಲವೇ ವೋಲ್ಟು. ಮೀಟರಿನ ಬಳಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದೂ ಕೇಳಿ. ಇಲ್ಲದಿದ್ದರೆ ಗಿಟಾರಿನ ಹೊಸ ಪಿಕಪ್ಪಿಗೆ ತೆಗೆದಿಟ್ಟ ಹಣ ಮೊದಲು ಅಲ್ಲಿಗೆ ಹೋಗಲಿ. ಹಿತ್ತಲಿನಲ್ಲಿ ಇದ್ದಿಲು, ಉಪ್ಪು ತುಂಬಿ ಪೈಪು ನೆಟ್ಟ ಅರ್ಥ್ ಗುಂಡಿಗೆ ಫಾಲ್ಗುಣದಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹೊಯ್ಯುವುದು ಮನೆಯ ಹುಡುಗರ ಕೆಲಸವಾಗಲಿ. ಜಾತ್ರೆಯ ಪೆಂಡಾಲಿನಲ್ಲಿ ಜನರೇಟರಿನಿಂದ ನುಡಿಸುವ ಸಂದರ್ಭ ಬಂದರೆ, ಅದಕ್ಕೂ ನೆಲದಲ್ಲಿ ಅರ್ಥ್ ಸರಳು ನೆಟ್ಟಿದ್ದಾರೆಯೇ ಎಂದು ಗಿಟಾರನ್ನು ಪೆಟ್ಟಿಗೆಯಿಂದ ತೆಗೆಯುವ ಮುನ್ನ ನೋಡಿಕೊಳ್ಳತಕ್ಕದ್ದು.