ಬಣ್ಣದ ಯಂತ್ರವೂ ಗಾಢ ಬಣ್ಣದ ನಷ್ಟವೂ

ಗ್ರಾಹಕನು ತಂದ ಬಟ್ಟೆಯ ತುಣುಕನ್ನು ಯಂತ್ರದ ಕಿಂಡಿಗೆ ಒತ್ತಿ ಹಿಡಿದರೆ, ಯಾವ ಬಣ್ಣ ಎಷ್ಟೆಷ್ಟು ಗ್ರಾಂ ಬೇಕೆಂಬ ಪಟ್ಟಿ ಕ್ಷಣಾರ್ಧದಲ್ಲಿ ಪರದೆಯ ಮೇಲೆ ಮೂಡುತ್ತದೆ. ಆದರೆ ಆ ಯಂತ್ರವು ಬಣ್ಣದ ಪ್ರಮಾಣವನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ಬಟ್ಟೆಯೊಳಗೆ ಹೊಕ್ಕು, ಚದುರಿ, ಹಿಂದಿರುಗಿದ ಬೆಳಕನ್ನು ಮಾತ್ರ. ಉಳಿದುದೆಲ್ಲ ಲೆಕ್ಕಾಚಾರ.

ಈ ಲೆಕ್ಕಕ್ಕೆ ಆಧಾರ 1931ರಲ್ಲಿ ಪಾಲ್ ಕುಬೆಲ್ಕಾ ಮತ್ತು ಫ್ರಾಂಝ್ ಮುಂಕ್ ಪ್ರಕಟಿಸಿದ ಸಿದ್ಧಾಂತ. ಹಿಂದಿರುಗಿದ ಬೆಳಕಿನ ಅಂಶವನ್ನು ಒಂದರಿಂದ ಕಳೆದು, ಉಳಿದುದನ್ನು ವರ್ಗ ಮಾಡಿ, ಆ ಅಂಶದ ಎರಡರಷ್ಟರಿಂದ ಭಾಗಿಸಿದರೆ, ಹೀರಿಕೆಗೂ ಚದುರಿಕೆಗೂ ಇರುವ ಅನುಪಾತ ದೊರೆಯುತ್ತದೆ. ಬಟ್ಟೆಯಲ್ಲಿ ಇದು ಬಣ್ಣದ ಪ್ರಮಾಣಕ್ಕೆ ಹೆಚ್ಚುಕಡಿಮೆ ಅನುಗುಣವಾಗಿರುತ್ತದೆ. ದೊರೆಯುವುದು ಅನುಪಾತ ಮಾತ್ರ. ಲಾಭದ ಶೇಕಡಾವಾರನ್ನಷ್ಟೇ ಕೊಟ್ಟು ಮಾರಾಟವೆಷ್ಟು, ಲಾಭವೆಷ್ಟು ಎಂದು ಕೇಳಿದರೆ ಯಾವ ಲೆಕ್ಕಿಗನೂ ಹೇಳಲಾರ. ಎರಡನ್ನೂ ಬಿಡಿಸಲು ಇನ್ನೊಂದು ಅಳತೆ ಬೇಕು. ಪೇಂಟಿನ ಒಂದೇ ದಪ್ಪದ ಪದರವನ್ನು ಕಪ್ಪು ಮತ್ತು ಬಿಳಿ ಹಿನ್ನೆಲೆಗಳೆರಡರ ಮೇಲೂ ಬಳಿದು ನೋಡುವುದು ಅದಕ್ಕಾಗಿಯೇ.

ನಷ್ಟವಿರುವುದು ಗಾಢ ಬಣ್ಣಗಳಲ್ಲಿ. ಶೇ. 50ರಷ್ಟು ಬೆಳಕನ್ನು ಹಿಂದಿರುಗಿಸುವ ತಿಳಿ ಬಣ್ಣವನ್ನು ಯಂತ್ರವು 49 ಎಂದು ಓದಿದರೆ ಅನುಪಾತ 0.25ರಿಂದ 0.265ಕ್ಕೆ ಏರುತ್ತದೆ, ವ್ಯತ್ಯಾಸ ಸುಮಾರು ಶೇ. 6. ಕಡು ನೀಲಿಯಲ್ಲಿ ಶೇ. 5 ಇರುವುದನ್ನು 4 ಎಂದು ಓದಿದರೆ 9.03 ಇದ್ದದ್ದು 11.52 ಆಗುತ್ತದೆ, ವ್ಯತ್ಯಾಸ ಶೇ. 28ರ ಸಮೀಪ. ತಪ್ಪು ಎರಡು ಕಡೆಯೂ ಒಂದೇ ಅಂಕ. ಗಾಢ ಬಣ್ಣಕ್ಕೆ ಡೈ ಹೆಚ್ಚು ಬೇಕು. ಅದರ ಮೇಲೆ ಈ ಪ್ರಮಾಣದ ಏರುಪೇರಾದರೆ ಒಂದು ಲಾಟಿನ ಲಾಭವೇ ಕರಗೀತು. ಸರಕು ತಿರಸ್ಕೃತವಾದಾಗ ಬೈಗುಳ ಮಾತ್ರ ಡೈಯಿಂಗ್ ಮಾಸ್ಟರಿಗೆ.

ಇದಕ್ಕೆ ಪರಿಹಾರವುಂಟು. ಘಟಕವು ತನ್ನದೇ ಬಟ್ಟೆ, ತನ್ನದೇ ಡೈ, ತನ್ನದೇ ನೀರಿನಲ್ಲಿ ಅರ್ಧ, ಒಂದು, ಎರಡು, ನಾಲ್ಕು ಶೇಕಡಾ ಎಂದು ಮಾದರಿಗಳನ್ನು ಅದ್ದಿ ಅದೇ ಯಂತ್ರಕ್ಕೆ ತೋರಿಸಬೇಕು. ಆಗ ಯಂತ್ರದ ಸ್ಥಿರವಾದ ದೋಷ ಮಾದರಿಯಲ್ಲೂ ಸರಕಿನಲ್ಲೂ ಒಂದೇ ರೀತಿ ಸೇರಿ ಬಹುಮಟ್ಟಿಗೆ ವಜಾ ಆಗುತ್ತದೆ. ಯಂತ್ರಕ್ಕೆ ಲಕ್ಷಗಟ್ಟಲೆ ತೆರುವ ಮಾಲೀಕರು ಈ ಕೆಲವು ವಾರಗಳ ಕೆಲಸಕ್ಕೆ ಹಿಂದೆಗೆದು, ಮಾರಾಟಗಾರನು ತುಂಬಿಕೊಟ್ಟ ಸಿದ್ಧ ಕಡತವನ್ನೇ ನಂಬುವುದು ವಿಚಿತ್ರ. ಬೇರೆಯವರ ಆರಂಭಿಕ ಶಿಲ್ಕನ್ನು ತಮ್ಮ ಪುಸ್ತಕಕ್ಕೆ ಯಾರಾದರೂ ಬರೆದುಕೊಳ್ಳುವರೇ?

ಆಸ್ಪತ್ರೆಯ ಪಲ್ಸ್ ಆಕ್ಸಿಮೀಟರಿನದೂ ಇದೇ ಜಾತಿಯ ಲೆಕ್ಕ. ರಕ್ತದ ಆಮ್ಲಜನಕದ ಕೊರತೆಯನ್ನು ಅದು ಕಪ್ಪು ವರ್ಣೀಯ ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಗುರುತಿಸದೆ ಬಿಟ್ಟಿತ್ತೆಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅಲ್ಲಿ ಪಣಕ್ಕಿದ್ದುದು ಪ್ರಾಣ, ಇಲ್ಲಿ ಬಂಡವಾಳ.

ಆದುದರಿಂದ ಖರೀದಿ ಕರಾರಿನಲ್ಲೇ ಒಂದು ಷರತ್ತು ಇರಲಿ. ಘಟಕದ ಸ್ವಂತ ಬಟ್ಟೆಯ ಮೇಲೆ ಕಪ್ಪು, ಕಡು ನೀಲಿ, ಮರೂನ್ ಈ ಮೂರು ಬಣ್ಣಗಳು ಒಪ್ಪಿದ ಮಿತಿಯೊಳಗೆ ಬರುವವರೆಗೆ ಕೊನೆಯ ಕಂತನ್ನು ತಡೆಹಿಡಿಯುವ ಹಕ್ಕು ಖರೀದಿದಾರನಿಗಿರಬೇಕು. ಇದಕ್ಕೆ ಒಪ್ಪದ ಮಾರಾಟಗಾರನಿಂದ ಕಾರಣವನ್ನು ಬರವಣಿಗೆಯಲ್ಲಿ ಪಡೆಯುವುದು ಲೇಸು.