ಮರಳುನಾಡಿಗೆ ಸಂಸಾರ ಸಾಗಿಸುವ ಮುನ್ನ

ಸಾಲದ ಕಂತು ಕಟ್ಟಲು, ಮೈಲುತುತ್ತದ ದರ ವಿಚಾರಿಸಲು ಸಂಘದ ಕಛೇರಿಗೆ ಬರುವ ಸದಸ್ಯರಲ್ಲಿ ಕೆಲವರು ಇತ್ತೀಚೆಗೆ ಬಂದ ಕೆಲಸ ಮುಗಿದ ಮೇಲೂ ಕುರ್ಚಿ ಬಿಟ್ಟು ಏಳುವುದಿಲ್ಲ. ಮಗನಿಗೋ ಅಳಿಯನಿಗೋ ದುಬೈಯಲ್ಲಿ ಕೆಲಸ ಸಿಕ್ಕಿರುತ್ತದೆ. ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ ಎಂದಿರುತ್ತಾನೆ. ಹೋಗಲಿ ಎನ್ನುವುದೋ ಬೇಡ ಎನ್ನುವುದೋ, ಹೋದರೆ ತೋಟವನ್ನು ಏನು ಮಾಡುವುದು, ಕೊಟ್ಟುಬಿಡೋಣವೇ ಎಂಬುದು ಅವರ ಪ್ರಶ್ನೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುತ್ತ ಬಂದ ಮಾತುಗಳನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಇದು ಆಡಳಿತ ಮಂಡಳಿಯ ಅಭಿಪ್ರಾಯವಲ್ಲ, ನನ್ನದು ಎಂದು ತಿಳಿಯಬೇಕಾಗಿ ವಿನಂತಿ.

ಹೋಗಲೇಬಾರದು ಎನ್ನುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಘಟ್ಟದ ಕೆಳಗಿನವರು ಅರ್ಧ ಶತಮಾನದಿಂದ ಗಲ್ಫ್ ದೇಶಗಳಿಗೆ ಹೋಗಿ ದುಡಿಯುತ್ತಿದ್ದಾರೆ. ಆ ದುಡಿಮೆಯಿಂದ ಅಲ್ಲಿ ಎಷ್ಟು ಮನೆಗಳು ಎದ್ದಿವೆ, ಎಷ್ಟು ಹೆಣ್ಣುಮಕ್ಕಳ ಓದು ಮುಗಿದಿದೆ ಎಂಬುದನ್ನು ಕಣ್ಣಾರೆ ಕಂಡಿದ್ದೇವೆ. ಮೂರು ನಾಲ್ಕು ಎಕರೆಯ ಹಿಡುವಳಿ ಇಬ್ಬರು ಗಂಡುಮಕ್ಕಳಿಗೆ ಪಾಲಾದರೆ ಏನು ಉಳಿಯುತ್ತದೆ ಎಂಬ ಲೆಕ್ಕವೂ ನಮಗೆ ಗೊತ್ತು. ನನ್ನ ತಕರಾರು ಇರುವುದು ಎರಡೇ ವಿಷಯಗಳಲ್ಲಿ. ಚಳಿಗಾಲದಲ್ಲಿ ಊರು ನೋಡಿ ಬಂದು ತೀರ್ಮಾನ ಮಾಡುವುದು ಒಂದು. ತೋಟ ಮಾರಿ ಹೋಗುವುದು ಇನ್ನೊಂದು.

ತೋಟ ಕೊಳ್ಳಲು ಹೊರಟವನು ಶ್ರಾವಣದಲ್ಲಿ ಹೋಗಿ, ತುಂಬಿ ಹರಿಯುವ ಹಳ್ಳ ನೋಡಿ ಮುಂಗಡ ಕೊಟ್ಟು ಬರುವುದಿಲ್ಲ. ಏಪ್ರಿಲ್ ತಿಂಗಳಲ್ಲಿ, ಹೂಮಳೆ ತಪ್ಪಿದ ವರ್ಷವಾದರೆ ಇನ್ನೂ ಒಳ್ಳೆಯದು, ಹೋಗಿ ಕೆರೆಯ ತಳ ನೋಡುತ್ತಾನೆ. ದುಬೈಯನ್ನೂ ಹಾಗೆಯೇ ನೋಡಬೇಕು. ಕೆಲಸದ ಮಾತುಕತೆಗೆಂದು ಜನವರಿಯಲ್ಲಿ ಹೋದವರಿಗೆ ಅಲ್ಲಿ ಹಗಲು ಹಿತವಾದ ಬಿಸಿಲು, ಸಂಜೆ ತಂಗಾಳಿ, ಉದ್ಯಾನಗಳಲ್ಲಿ ಆಡುವ ಮಕ್ಕಳು ಕಾಣುತ್ತಾರೆ. ನಮ್ಮಲ್ಲಿ ಪುನರ್ವಸು, ಪುಷ್ಯ ಮಳೆ ಹೊಡೆಯುವ ಹೊತ್ತಿಗೆ ಅದೇ ಊರಿನಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ರಾತ್ರಿ ಕೂಡ 30 ಡಿಗ್ರಿಯ ಆಸುಪಾಸಿನಿಂದ ಕೆಳಗಿಳಿಯುವುದು ಅಪರೂಪ. ಮರಳುಗಾಡು ಎಂದೊಡನೆ ಬಳ್ಳಾರಿ, ರಾಯಚೂರಿನ ಒಣ ಬಿಸಿಲನ್ನು ನೆನೆಯಬೇಡಿ. ಇದು ಸಮುದ್ರದ ದಂಡೆಯ ಊರು. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಕೂಲಿಕಾರರನ್ನು ಬಯಲು ಬಿಸಿಲಿನಲ್ಲಿ ದುಡಿಸಬಾರದೆಂದು ಅಲ್ಲಿನ ಸರಕಾರವೇ ನಿಯಮ ಮಾಡಿದೆ ಎಂದ ಮೇಲೆ ಬೇರೆ ವರ್ಣನೆ ಬೇಕಿಲ್ಲ.

ಕಛೇರಿ ಕೆಲಸದ ಮಗನಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಮನೆಯಲ್ಲಿ, ಕಾರಿನಲ್ಲಿ, ಕಛೇರಿಯಲ್ಲಿ ಹವಾನಿಯಂತ್ರಣ ಇರುತ್ತದೆ. ಆ ನಾಲ್ಕು ತಿಂಗಳನ್ನು ಪೂರ್ತಿಯಾಗಿ ಅನುಭವಿಸುವವರು ಹನ್ನೆರಡನೆಯ ಮಹಡಿಯಲ್ಲಿ ಕಿಟಕಿ ಮುಚ್ಚಿಕೊಂಡು ಕೂರುವ ಸೊಸೆ ಮತ್ತು ಮಕ್ಕಳು. ಅಂಗಳದಲ್ಲಿ ಬೆಳೆದ ಮಕ್ಕಳಿಗೆ ಜೂನ್ ತಿಂಗಳೆಂದರೆ ಹೊಳೆ, ಹಳ್ಳ, ಕೆಸರು. ಆದಕಾರಣ ಅವನು ಕೆಲಸಕ್ಕೆ ಮೊದಲು ಒಬ್ಬನೇ ಹೋಗಲಿ, ಹೆಂಡತಿ ಮಕ್ಕಳು ಜುಲೈ ಅಥವಾ ಆಗಸ್ಟಿನಲ್ಲಿ ಸಂದರ್ಶಕ ವೀಸಾದಲ್ಲಿ ಹೋಗಿ ಮೂರು ವಾರ ಇದ್ದು ಬರಲಿ ಎಂದು ಹೇಳುತ್ತೇನೆ. ಆ ಮೂರು ವಾರ ಕಳೆದು ಬಂದ ಮೇಲೂ ಸೊಸೆ ಹೋಗೋಣ ಎಂದರೆ ಹವೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಮಳೆಯ ವಿಷಯ ಬಂದುದರಿಂದ ಒಂದು ಮಾತು. ಅಲ್ಲಿ ವರ್ಷಕ್ಕೆ ನಾಲ್ಕು ಇಂಚು ಬಿದ್ದರೆ ಹೆಚ್ಚು. ಕುಡಿಯುವ ನೀರು ಹೆಚ್ಚುಕಡಿಮೆ ಪೂರ್ತಿ ಸಮುದ್ರದ ಉಪ್ಪುನೀರನ್ನು ಸಿಹಿ ಮಾಡಿದ್ದು. 2024ರ ಏಪ್ರಿಲ್ 16ರಂದು ದುಬೈ ವಿಮಾನ ನಿಲ್ದಾಣದಲ್ಲಿ 140 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದು ಓಡುದಾರಿಗಳು ಕೆರೆಯಾದವು, ಊರೇ ಸ್ತಬ್ಧವಾಯಿತು. ಅಷ್ಟು ಮಳೆಗೆ ಆಗುಂಬೆ, ಶೃಂಗೇರಿ ಕಡೆಯವರು ಮಳೆಮಾಪಕದ ಪುಸ್ತಕದಲ್ಲಿ ಕೆಂಪು ಗೆರೆಯನ್ನೂ ಎಳೆಯುವುದಿಲ್ಲ. ಅವರ ಊರು ಅವರ ಹವೆಗೆ ತಕ್ಕಂತೆ ಇದೆ, ನಮ್ಮದು ನಮ್ಮ ಹವೆಗೆ.

ಇನ್ನು ಹಣ. ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ದಿರ್ಹಮ್ ಡಾಲರಿಗೆ ಕಟ್ಟಿದ ನಾಣ್ಯವಾದ್ದರಿಂದ ರೂಪಾಯಿ ಇಳಿದಷ್ಟೂ ಊರಿಗೆ ಕಳಿಸುವ ಹಣ ಹೆಚ್ಚುತ್ತದೆ. ಇಷ್ಟನ್ನು ಕೇಳಿಯೇ ಅನೇಕರು ಸಂಬಳವನ್ನು ರೂಪಾಯಿಗೆ ಗುಣಿಸಿ ಹಿಗ್ಗುತ್ತಾರೆ. ಗುಣಿಸುವ ಮೊದಲು ಕಳೆಯಬೇಕು. ಮನೆ ಬಾಡಿಗೆ ವರ್ಷದ ಲೆಕ್ಕ, ಕೆಲವೇ ಚೆಕ್ಕುಗಳಲ್ಲಿ ಮುಂಗಡವಾಗಿ ಕಟ್ಟುವುದು ರೂಢಿ. ಸಂಸಾರಕ್ಕೆ ಬೇಕಾದ ಮನೆಯ ಬಾಡಿಗೆ, ಇಬ್ಬರು ಮಕ್ಕಳ ಶಾಲೆಯ ಶುಲ್ಕ, ಬೇಸಿಗೆಯ ವಿದ್ಯುತ್ ಬಿಲ್ಲು, ನಾಲ್ವರ ವಿಮಾನದ ಟಿಕೆಟ್ಟು ಇವನ್ನು ಕಳೆದು ಉಳಿದದ್ದು ನಿಜವಾದ ಸಂಬಳ. ತಿಂಗಳಿಗೆ 4,000 ದಿರ್ಹಮ್, ಅಥವಾ 3,000 ದಿರ್ಹಮ್ ಜೊತೆಗೆ ವಸತಿ ಇದ್ದವನು ಸಂಸಾರ ಕರೆಸಿಕೊಳ್ಳಬಹುದೆಂದು ಅಲ್ಲಿನ ನಿಯಮ ಒಪ್ಪುತ್ತದೆ. ಆದರೆ ನಿಯಮ ಒಪ್ಪಿದ ಸಂಬಳದಲ್ಲಿ ಸಂಸಾರ ನಡೆಯುವುದಿಲ್ಲ. ಕರಾರಿನಲ್ಲಿ ಒಟ್ಟು ಸಂಬಳದ ಜೊತೆಗೆ ಮೂಲ ವೇತನ ಎಷ್ಟೆಂದೂ ಓದಿಕೊಳ್ಳಲಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ, ಅಂದರೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ವೇತನ, ಮೂಲ ವೇತನದ ಮೇಲೆಯೇ ಲೆಕ್ಕ. ಭತ್ಯೆಗಳನ್ನೇ ಉಬ್ಬಿಸಿ ಮೂಲ ವೇತನವನ್ನು ಕುಗ್ಗಿಸಿದ ಕರಾರುಗಳು ನನ್ನ ಮೇಜಿನ ಮೇಲೂ ಬಂದಿವೆ.

ಹೀಗೆ ಕಳೆದ ಮೇಲೆ ಉಳಿಯುವುದು ತೋಟದ ನಿವ್ವಳ ಆದಾಯಕ್ಕಿಂತ ಹೆಚ್ಚಿಲ್ಲದಿದ್ದರೆ ಸಂಸಾರವನ್ನು ಕೀಳಬೇಡಿ. ಅವನೊಬ್ಬನೇ ಹೋಗಿ ಹಣ ಕಳಿಸಲಿ ಎಂಬ ಮಾತು ನಮ್ಮ ಕಡೆ ಸುಲಭವಾಗಿ ಬರುತ್ತದೆ. ಸಾಲ ತೀರಿಸಲು ಎರಡು ವರ್ಷ ಎಂದು ಅವಧಿ ಹಾಕಿಕೊಂಡು ಹೋಗುವುದಾದರೆ ಸರಿ. ಅವಧಿ ಇಲ್ಲದೆ ಹೋದವನ ಮಕ್ಕಳು ಅಪ್ಪನನ್ನು ಫೋನಿನ ಗಾಜಿನಲ್ಲೇ ನೋಡಿ ಬೆಳೆಯುತ್ತಾರೆ. ಇತ್ತ ಅತ್ತೆ ಮಾವನ ಔಷಧಿ, ಕೊನೆಗಾರನ ಕಾಯುವಿಕೆ, ಕಣದ ಕೆಲಸ, ಆಳುಗಳ ಲೆಕ್ಕ ಎಲ್ಲವೂ ಆ ಹೆಣ್ಣುಮಗಳ ತಲೆಗೆ. ಅವಳಿಗೆ ಯಾರೂ ಗ್ರಾಚ್ಯುಟಿ ಕೊಡುವುದಿಲ್ಲ.

ಮಕ್ಕಳ ಓದಿನ ವಿಷಯದಲ್ಲಿ ನಮ್ಮವರು ಶಾಲೆಯ ಕಟ್ಟಡ ನೋಡಿ ಬರುತ್ತಾರೆ, ತಿರುಗಿ ಬರುವ ದಾರಿ ನೋಡುವುದಿಲ್ಲ. ಅಲ್ಲಿ ಭಾರತೀಯ ಪಠ್ಯಕ್ರಮದ ಒಳ್ಳೆಯ ಶಾಲೆಗಳಿವೆ. ನಮ್ಮ ಜನ ಸೇರಿ ವಾರದ ರಜೆಯಲ್ಲಿ ಮಕ್ಕಳಿಗೆ ಕನ್ನಡವನ್ನೂ ಕಲಿಸುತ್ತಿದ್ದಾರೆ, ಅದು ಮೆಚ್ಚತಕ್ಕದ್ದು. ತೊಡಕು ಬರುವುದು ಹತ್ತನೆಯ ತರಗತಿಯ ಆಚೆ. ನಮ್ಮ ರಾಜ್ಯದ ಸಿಇಟಿಯಲ್ಲಿ ಸರಕಾರಿ ಸೀಟಿಗೆ ಅರ್ಹತೆ ಬೇಕಾದರೆ ಸಾಮಾನ್ಯವಾಗಿ ಮಗು ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ಅದಿಲ್ಲದಿದ್ದರೆ ಇರುವ ದಾರಿಗಳಲ್ಲಿ ನಮಗೆ ಒಗ್ಗುವುದು ಒಂದು: ತಂದೆ ಅಥವಾ ತಾಯಿ ಇಲ್ಲಿ ಏಳು ವರ್ಷ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷವನ್ನು ಇಲ್ಲಿಯೇ ಓದಿ ತೇರ್ಗಡೆಯಾಗಿರಬೇಕು. ಎಂದರೆ ಹತ್ತು ಮುಗಿದೊಡನೆ ಮಗುವನ್ನು ಕರೆತರದಿದ್ದರೆ ಆ ಬಾಗಿಲು ಮುಚ್ಚುವ ಅಪಾಯವಿದೆ. ಆ ವರ್ಷದ ಕೈಪಿಡಿಯನ್ನು ನೋಡಿಯೇ ಮುಂದುವರಿಯತಕ್ಕದ್ದು. ನಿಮ್ಮ ಮೊಮ್ಮಗಳು ಈಗ ಎಂಟನೆಯ ತರಗತಿಯಲ್ಲಿದ್ದರೆ ಹೋಗುವುದೇ ಬೇಡ ಎನ್ನುತ್ತೇನೆ. ಎರಡನೆಯ ತರಗತಿಯಲ್ಲಿದ್ದರೆ ಹೋಗಬಹುದು, ಆದರೆ ತಿರುಗಿ ಬರುವ ವರ್ಷವನ್ನು ಇಂದೇ ಬರೆದಿಡಿ.

ತಿರುಗಿ ಬರುವುದು ಎಂದು ಪದೇ ಪದೇ ಹೇಳುತ್ತಿರುವುದಕ್ಕೆ ಕಾರಣವಿದೆ. ಅಲ್ಲಿ ವಾಸ ಎಂಬುದು ವೀಸಾದ ಮೇಲೆ ನಿಂತದ್ದು. ನಮ್ಮವರಲ್ಲಿ ಬಹುಪಾಲು ಮಂದಿಗೆ ಆ ವೀಸಾ ನಿಂತಿರುವುದು ಕೆಲಸದ ಮೇಲೆ. ಯಜಮಾನನ ಕೆಲಸ ಹೋದರೆ ಮಡದಿ ಮಕ್ಕಳ ವೀಸಾವೂ ಅದರ ಹಿಂದೆಯೇ ಹೋಗುತ್ತದೆ. ಇಪ್ಪತ್ತು ವರ್ಷ ದುಡಿದರೂ ಅಲ್ಲಿನ ಪೌರತ್ವ ಸಾಮಾನ್ಯರಿಗೆ ಸಿಗುವುದಿಲ್ಲ. 1990ರಲ್ಲಿ ಇರಾಕ್ ಸೈನ್ಯ ಕುವೈತಿಗೆ ನುಗ್ಗಿದಾಗ ಸುಮಾರು 1 ಲಕ್ಷ 70 ಸಾವಿರ ಭಾರತೀಯರನ್ನು ಅಮ್ಮಾನ್ ಮೂಲಕ ವಿಮಾನದಲ್ಲಿ ಕರೆತರಬೇಕಾಯಿತು. 2020ರ ಮೇ ತಿಂಗಳಲ್ಲಿ ಕೋವಿಡ್ ಕಾರಣ ದುಬೈಯಿಂದ ಮಂಗಳೂರಿಗೆ ವಿಶೇಷ ವಿಮಾನಗಳು ಬಂದುದನ್ನು ಮರೆಯಲು ಇನ್ನೂ ಕಾಲವಾಗಿಲ್ಲ. ಬಂದವರಲ್ಲಿ ತೋಟ ಇದ್ದವರು ತೋಟಕ್ಕೆ ಬಂದರು. ಇಲ್ಲದವರು ಬಾಡಿಗೆ ಮನೆ ಹುಡುಕಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೊರದೇಶದಲ್ಲಿ ವಾಸವಾಗಿರುವ ಭಾರತೀಯನು ಇಲ್ಲಿ ಮನೆ, ನಿವೇಶನ ಕೊಳ್ಳಬಹುದು. ಕೃಷಿ ಜಮೀನು ಅಥವಾ ಪ್ಲಾಂಟೇಷನ್ ಕೊಳ್ಳುವಂತಿಲ್ಲ. ವಿದೇಶಿ ವಿನಿಮಯದ ಕಾಯ್ದೆಯ ನಿಯಮ ಹೀಗಿದೆ, ಅನೇಕರಿಗೆ ಇದು ತಿಳಿದಿಲ್ಲ. ಹೋಗುವ ಮೊದಲೇ ಅವನ ಹೆಸರಿನಲ್ಲಿದ್ದ ತೋಟವನ್ನು ಅವನು ಇಟ್ಟುಕೊಳ್ಳಬಹುದು. ತಂದೆಯ ಕಾಲಾನಂತರ ವಾರಸಿನಿಂದ ಬಂದರೂ ಇಟ್ಟುಕೊಳ್ಳಬಹುದು. ಆದರೆ ಅಲ್ಲಿದ್ದುಕೊಂಡು ಹೊಸದಾಗಿ ಖರೀದಿಸಲಾಗದು, ದಾನಪತ್ರದ ಮೂಲಕ ಪಡೆಯಲೂ ಆಗದು. ಈಗ ಮಾರಿ ಹೋಗೋಣ, ಅಲ್ಲಿ ಸಂಪಾದಿಸಿ ನಾಲ್ಕರ ಬದಲು ಎಂಟು ಎಕರೆ ಕೊಳ್ಳೋಣ ಎಂಬ ಮಾತನ್ನು ನಾನು ನಾಲ್ಕಾರು ಬಾಯಿಂದ ಕೇಳಿದ್ದೇನೆ. ಅಲ್ಲಿರುವಷ್ಟು ಕಾಲ ಅದು ಸಾಧ್ಯವಿಲ್ಲದ ಮಾತು. ಕೆಲಸ ಬಿಟ್ಟು ಊರಿಗೇ ಬಂದು ನೆಲೆಸಿದ ಮೇಲೆ ಕೊಳ್ಳಬಹುದು, ನಿಜ. ಆದರೆ 2020ರ ಭೂಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಜಮೀನು ಖರೀದಿಸಲು ದಾರಿಯಾಗಿದೆ. ಬೆಂಗಳೂರಿನ ಹಣದ ಎದುರು ನಿಂತು ಬೆಲೆ ಕಟ್ಟಬೇಕಾಗುತ್ತದೆ. ಕೊಂಡ ತೋಟ ನೀವು ಬಿಟ್ಟು ಹೋದ ತೋಟದಂತೆ ಇರುತ್ತದೆಂಬ ಭರವಸೆಯೂ ಇಲ್ಲ. ಹೊಸದಾಗಿ ಅಡಿಕೆ ಹಾಕಿದರೆ ಮೊದಲ ಕೊನೆ ಕಾಣಲು ಐದಾರು ವರ್ಷ ಬೇಕು.

ಮಾರದೆ ಬಿಟ್ಟು ಹೋದರೂ ಸಾಲದು, ನೋಡುವವರು ಬೇಕು. ಎರಡು ವರ್ಷ ಬೋರರ್ ಹಿಡಿದ ಗಿಡ ಕಿತ್ತು ಸುಡದೆ ಬಿಟ್ಟ ಅರೇಬಿಕಾ ತೋಟ, ಮಳೆಗಾಲಕ್ಕೆ ಮೊದಲು ಬೋರ್ಡೋ ಹೊಡೆಯದೆ ಕೊಳೆರೋಗಕ್ಕೆ ಬಿಟ್ಟ ಅಡಿಕೆ ತೋಟ ಹೇಗಿರುತ್ತವೆಂದು ನಿಮಗೆ ಬರೆದು ತಿಳಿಸಬೇಕಿಲ್ಲ. ಮನೆಯಲ್ಲಿ ತಮ್ಮನೋ ಭಾವನೋ ಇದ್ದರೆ ಪಾಲನ್ನು ಬಾಯಿಮಾತಿನಲ್ಲಿ ಬಿಡದೆ ಬರೆದುಕೊಳ್ಳಿ. ಅಣ್ಣ ತಮ್ಮಂದಿರ ವ್ಯಾಜ್ಯಗಳಲ್ಲಿ ಬರೆಯದೆ ಬಿಟ್ಟದ್ದೇ ಹೆಚ್ಚು. ಯಾರೂ ಇಲ್ಲದಿದ್ದರೆ ಅಡಿಕೆಯನ್ನು ಚೇಣಿಗೆ ಕೊಡಬಹುದು. ಚೇಣಿದಾರ ಫಸಲು ನೋಡುತ್ತಾನೆ, ಮರ ನೋಡುವುದಿಲ್ಲ. ಗೊಬ್ಬರ, ಔಷಧಿ, ಬೇಲಿ ಯಾರ ಖರ್ಚು ಎಂಬುದು ಕರಾರಿನಲ್ಲಿರಲಿ. ಕಾಫಿಗೆ ಮರಗಸಿ, ಚಿಗುರು ತೆಗೆಯುವುದು ಗೊತ್ತಿರುವ ರೈಟರೊಬ್ಬರನ್ನು ನಾಲ್ಕೈದು ಸಣ್ಣ ಬೆಳೆಗಾರರು ಸೇರಿ ಇಟ್ಟುಕೊಳ್ಳುವ ಏರ್ಪಾಡನ್ನು ಸಂಘದ ಮೂಲಕ ಮಾಡಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಎತ್ತಲಿದ್ದೇನೆ. ಹಿರಿಯರಷ್ಟೇ ಉಳಿದ ಮನೆಗಳು ಹೆಚ್ಚುತ್ತಿರುವಾಗ ಇದು ದುಬೈಗೆ ಹೋದವರಿಗೆ ಮಾತ್ರ ಬೇಕಾದ ಏರ್ಪಾಡಲ್ಲ.

ಬೆಲೆಯನ್ನು ನೋಡಿ ತೀರ್ಮಾನ ಮಾಡುವವರಿಗೂ ಒಂದು ಮಾತು. 2001-02ರಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಬೇಸತ್ತು ತೋಟ ಕೊಟ್ಟವರಿದ್ದಾರೆ. 2024-25ರ ದಾಖಲೆ ಬೆಲೆ ಕಂಡು, ಇನ್ನು ಯಾವ ಕೆಲಸವೂ ಬೇಡವೆಂದು ಮಗನನ್ನು ತಡೆದವರೂ ಇದ್ದಾರೆ. ಎರಡು ಲೆಕ್ಕವೂ ನನಗೆ ಒಪ್ಪಿಗೆಯಿಲ್ಲ.

ಹೊರಡುವುದೆಂದು ನಿಶ್ಚಯವಾದ ಸದಸ್ಯರು ದಯಮಾಡಿ ಕಛೇರಿಗೆ ಮೊದಲೇ ಬರಬೇಕು. ಷೇರಿನ ನಾಮಿನಿ ಸರಿಯಿದೆಯೇ ನೋಡಬೇಕು. ತೋಟ ನೋಡುವವರ ಹೆಸರಿಗೆ ನೋಂದಾಯಿಸಿದ ಪವರ್ ಆಫ್ ಅಟಾರ್ನಿಯ ಪ್ರತಿ ನಮ್ಮಲ್ಲಿರಬೇಕು. ಬೆಳೆಸಾಲವನ್ನು ಅವಧಿಯೊಳಗೆ ಕಟ್ಟದಿದ್ದರೆ ಬಡ್ಡಿಯ ರಿಯಾಯಿತಿ ತಪ್ಪುತ್ತದೆ, ಅದಕ್ಕೆ ಯಾರು ಹೊಣೆ ಎಂಬುದೂ ನಿಶ್ಚಯವಾಗಬೇಕು. ಇವಕ್ಕೆಲ್ಲ ಸಹಿ ಬೇಕು. ವಿಮಾನ ಹತ್ತುವ ಹಿಂದಿನ ದಿನ ಸಂಜೆ ಐದೂವರೆಗೆ ಬಂದರೆ ಗುಮಾಸ್ತರು ಬಸ್ಸು ಹಿಡಿದು ಹೋಗಿರುತ್ತಾರೆ.

— ಕಾರ್ಯದರ್ಶಿ